ಮೂರನೇ ಮಹಡಿಯ ಕಿಟಕಿ

ಕೊಟ್ರೇಶಿಯ ಹೆಂಡತಿ ಅವನು ಕೆಲಸಕ್ಕಿದ್ದ ಅಂಗಡಿಯ ಎದುರಿನ ಆಸ್ಪತ್ರೆಯಲ್ಲಿದ್ದಳು. ನೋಡಲು ಬಿಡುತ್ತಿದ್ದದ್ದೇ ನಾಲ್ಕು ಗಂಟೆಗೆ.

"ವ್ಯಾಪಾರದ ಹೊತ್ನಾಗ ರಜೆ ಗಿಜೆ ಏನೂ ಇಲ್ಲ," ಅಂದುಬಿಟ್ಟರು ಕ್ಯಾಮೆರಾ ಅಂಗಡಿಯ ಯಜಮಾನರು ಪಂಚಾಕ್ಷರಪ್ಪ.

ಕೊಟ್ರೇಶಿ ಅಂದಿನಿಂದ ದಿನಾ ನಾಲ್ಕಕ್ಕೆ ಸರಿಯಾಗಿ ಗಿರಾಕಿಗಳಿಗೆ ಮೂರು ಕ್ಯಾಮೆರಾಗಳ ಜೂಮ್ ಪರೀಕ್ಷೆ ಮಾಡಿ ತೋರಿಸತೊಡಗಿದ. ಒಂದರಲ್ಲಿ ಆಸ್ಪತ್ರೆ ಕಾಣುತ್ತಿತ್ತು, ಇನ್ನೊಂದರಲ್ಲಿ ಮೂರನೇ ಮಹಡಿಯ ಕಿಟಕಿ. ಉದ್ದ ಜೂಮಿನದರಲ್ಲಿ ಮಾತ್ರ ಹಸಿರು ಬಳೆಯ ಕೈಯೊಂದು ಬೀಸುತ್ತಿತ್ತು.

"ಯಾರ್ರೀ ಅವರು?"

"ನಮ್ಮ ಮನೆಯವರು."

ಗಿರಾಕಿಗಳು ಅದನ್ನೇ ಕೊಳ್ಳುತ್ತಿದ್ದರು.

ಹನ್ನೊಂದನೇ ದಿನ ಯಜಮಾನರಿಗೆ ಗುಟ್ಟು ತಿಳಿಯಿತು. ಕೊಟ್ರೇಶಿ ಕಣ್ಣಿಡುವ ಮೊದಲೇ ಕ್ಯಾಮೆರಾ ಕಸಿದುಕೊಂಡು ನೋಡಿದರು. ನರ್ಸ್ ಒಬ್ಬಳು ಹಸಿರು ಬಳೆಯ ಕೈ ಮುಚ್ಚಿ, ಹೊದಿಕೆಯನ್ನು ಮುಖದ ಮೇಲಕ್ಕೆಳೆಯುತ್ತಿದ್ದಳು.

ಯಜಮಾನರು ಜನ್ಮದಲ್ಲಿ ಮೊದಲ ಸಲ ತಮ್ಮ ಮಾಲನ್ನು ತಾವೇ ತೆಗಳಿದರು.

"ಇದ್ರಾಗೇನೂ ಕಾಣಂಗಿಲ್ಲ ಕೊಟ್ರೇಶಿ. ನೀನೇ ಹೋಗಿ ನೋಡ್ಕೊಂಡು ಬಾ."