ಹಂಪಮ್ಮನ ಮೊಗ್ಗಿನ ಜಡೆ, ಉರುಕುಂದಿಯ ತಂಪು ಕಾರು

ಊರಿಗೊಬ್ಬ ಜಾಣ ಇದ್ದೇ ಇರುತ್ತಾನೆ, ತನ್ನ ಕತೆ ತಾನೇ ಹೇಳಿಕೊಂಡು ತಿರುಗುತ್ತಾನೆ. ಪೆದ್ದನ ಕತೆಯನ್ನು ಮಾತ್ರ ಊರೇ ಹೇಳಬೇಕು. ಹೂಂಗುಟ್ಟುತ್ತ ಕೇಳಿ.

ಮಾನ್ವಿಯಲ್ಲಿ ಹೂಗಾರ ಹಂಪಮ್ಮ ಅಂತ ಒಬ್ಬಳಿದ್ದಳು. ಮದುಮಗಳಿಗೆ ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಅವಳದು ಎತ್ತಿದ ಕೈ. ಅವಳಿಗೊಬ್ಬನೇ ಮಗ, ಉರುಕುಂದಿ. ಇಪ್ಪತ್ತೈದು ತುಂಬಿದ ಆಳು, ಆದರೆ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಬಾಗಿಲು ನೋಡಿಕೊಂಡಿರು ಅಂದರೆ ಬಾಗಿಲನ್ನೇ ನೋಡುತ್ತ ಕೂರುವವನು, ಹಿತ್ತಲಿನಿಂದ ಕಳ್ಳ ಬಂದು ಕೊಡ ಹೊತ್ತುಕೊಂಡು ಹೋದರೂ ತಿರುಗಿ ನೋಡದವನು. ಕಾರು ಓಡಿಸುವುದರಲ್ಲಿ ಮಾತ್ರ ಗಟ್ಟಿಗ. ತಿರುಗಿಸು ಅಂದಲ್ಲಿ ತಿರುಗಿಸುತ್ತಿದ್ದ, ನಿಲ್ಲಿಸು ಅಂದಲ್ಲಿ ನಿಲ್ಲಿಸುತ್ತಿದ್ದ.

ಅಪ್ಪ ಬಿಟ್ಟು ಹೋದ ಆ ಕಾರಿನಲ್ಲೇ ಹಂಪಮ್ಮನ ಹೂವು ರಾಯಚೂರಿಗೆ ಹೋಗುತ್ತಿತ್ತು. ಆ ವರ್ಷ ಅದರ ಎಸಿ ಕೆಟ್ಟಿತು. ರಾಯಚೂರಿನ ಬೇಸಿಗೆ ನಿಮಗೆ ಗೊತ್ತಲ್ಲ? ಹೋದ ತಿಂಗಳು ಒಬ್ಬ ಮದುಮಗಳ ಜಡೆ ದಾರಿಯಲ್ಲೇ ಅರಳಿ, ಕಂದಿ, ಮಂಟಪ ಮುಟ್ಟುವಷ್ಟರಲ್ಲಿ ಒಣಹುಲ್ಲಾಯಿತು. "ಹಂಪಮ್ಮನ ಕೈ ಹೋತು" ಅಂದರು ಹೆಂಗಸರು. ಈ ಶುಕ್ರವಾರ ಅಮರೇಶ ಮಾಸ್ತರ ಮಗಳು ಶಾಂಭವಿಯ ಮದುವೆ. ಈ ಜಡೆಯೂ ಕೆಟ್ಟರೆ ಇನ್ನು ಯಾವ ಮದುಮಗಳೂ ಹಂಪಮ್ಮನ ಮುಂದೆ ತಲೆಕೊಟ್ಟು ಕೂರುವುದಿಲ್ಲ. ಅವಳಿಗೆ ಅದೇ ಎದೆಯ ಮೇಲಿನ ಕಲ್ಲು.

"ಶೋರೂಮಿಗೆ ಹೋಗು, ತಂಪು ಬರೋ ಹಂಗ ಮಾಡಿಸ್ಕೊಂಡು ಬಾ. ಅವರು ಏನ್ ಹೇಳ್ತಾರ ಹಂಗ ಮಾಡು" ಅಂದಳು ಸೋಮವಾರ.

ಹೋದ. ಶೋರೂಮಿನ ಗಾಜಿನ ಬಾಗಿಲು ಯಾರೂ ಮುಟ್ಟದೆ ತಾನಾಗಿಯೇ ಸರಿಯಿತು! ಉರುಕುಂದಿ ಬಾಗಿಲಿಗೆ ಕೈಮುಗಿದು ಒಳಗೆ ಕಾಲಿಟ್ಟ. ಹೊರಗೆ ಕೆಂಡ, ಒಳಗೆ ಹಿಮ! ಮೈಮೇಲಿನ ಕೂದಲು ಎದ್ದು ನಿಂತವು.

"ಯಪ್ಪಾ ಯಪ್ಪಾ! ಏನ್ ತಂಪೋ ಏನ್ ತಂಪು!"

ಟೈ ಕಟ್ಟಿದ ನವನೀತ ಎಂಬವನು ಬಂದ. ನೆರಳಲ್ಲಿ ನಿಂತ ಕಾರಿನೊಳಗೆ ಎರಡು ನಿಮಿಷ ಕೂತ, ಎದ್ದ.

"ಎಸಿ ಸರಿಯಾಗೇ ಇದೆ ಸರ್. ಹೊರಗೆ ನಲವತ್ಮೂರು ಡಿಗ್ರಿ ಇದ್ರೆ ಪಾಪ ಅದೇನ್ ಮಾಡುತ್ತೆ? ಗಾಜು ಇಳಿಸ್ಬೇಡಿ, ಬಾಗಿಲು ತೆಗೀಬೇಡಿ. ತಂಪು ಹೊರಗೆ ಹೋಗುತ್ತೆ, ಅಷ್ಟೇ."

ಕಾರು ತೊಳೆದು ಕೊಟ್ಟರು. ಉರುಕುಂದಿ ಮನೆ ಮುಂದೆ ಬಿಸಿಲಲ್ಲಿ ಕಾರು ನಿಲ್ಲಿಸಿ ಒಳಗೇ ಕೂತ. ಒಂದು ತಾಸಾಯಿತು, ಎರಡು ತಾಸಾಯಿತು. ಬೆವರು ಕಾಲುವೆಯಾಗಿ ಹರಿಯಿತು.

"ಬಾಗ್ಲಾ ತೆಗಿಯೋ!" ಹಂಪಮ್ಮ ಗಾಜು ಬಡಿದಳು.

"ತೆಗಿಬಾರ್ದಂತವ್ವಾ! ತಂಪು ಹೊರಗ ಹೋಗ್ತದಂತ!"

"ಎಲ್ಲೈತೋ ತಂಪು?"

"ನನಗೂ ಸಿಕ್ಕಿಲ್ಲವ್ವಾ! ಒಳಗೇ ಎಲ್ಲೋ ಐತಂತ!"

ಅವಳು ಕಲ್ಲು ಎತ್ತಿದ ಮೇಲೆಯೇ ಬಾಗಿಲು ತೆಗೆದದ್ದು. ಬೆಂದ ಬದನೆಕಾಯಿಯ ಹಾಗೆ ಹೊರಬಿದ್ದ.

"ಮುಟ್ಠಾಳ! ಬೆವರು ಸುರಿಯೋ ಮನಷಾ ಹಂಗ ಕುಂದರಬೇಕೇನು? ತಲಿ ಮ್ಯಾಲ ಒದ್ದಿ ಅರಿವಿ ಹಾಕಿ ನೀರು ಚಿಮುಕಿಸಬೇಕು, ಹೂವಿಗೆ ಮಾಡಿದಂಗ!"

"ಈಗ ತಿಳೀತವ್ವಾ!"

ಮಂಗಳವಾರ ಮತ್ತೆ ಶೋರೂಮು. ಮತ್ತೆ ಬಾಗಿಲಿಗೆ ಕೈಮುಗಿದ. ಅಷ್ಟರಲ್ಲಿ ಶೋರೂಮಿನ ಮ್ಯಾನೇಜರು ಹೊರಗಿನಿಂದ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ಉರುಕುಂದಿ ಕಂಡ. ಓಡಿದ. ಕಾರಿನಲ್ಲಿದ್ದ ಹೂವಿನ ಬುಟ್ಟಿಯಿಂದ ಒದ್ದೆ ಗೋಣಿ ತಂದ. ಮ್ಯಾನೇಜರ ತಲೆಯ ಮೇಲೆ ಹೊದಿಸಿದ, ಮೇಲೆ ಒಂದು ತಂಬಿಗೆ ನೀರು ಚಿಮುಕಿಸಿದ.

"ಏಯ್! ಏನಯ್ಯಾ ಇದು!"

"ಸುಮ್ನಿರ್ರಿ ಸಾಹೇಬ್ರ, ಬಾಡಿಬಿಡ್ತೀರಿ!"

ಆಮೇಲೆ ಎಸಿಯ ಮಾತು ಯಾರು ಕೇಳಬೇಕು? ನವನೀತ ದೂರದಲ್ಲೇ ನಿಂತು ಹೇಳಿದ: "ಪಾರ್ಟ್ ಕಂಪನಿಯಿಂದ ಬರ್ಬೇಕು. ಹದಿನೈದು ದಿನ."

"ಯಾವ ಪಾರ್ಟ್ರೀ?"

"ಅದು ಬಂದ್ಮೇಲೆ ಗೊತ್ತಾಗುತ್ತೆ."

ಕಾರು ತೊಳೆದು ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇವರು ಎತ್ತಿಗೆ ಜ್ವರ ಬಂದರೆ ಎತ್ತಿಗೆ ಸ್ನಾನ ಮಾಡಿಸುವವರು. ಹಂಪಮ್ಮ ಹಣೆ ಹಣೆ ಬಡಿದುಕೊಂಡಳು.

"ದೊಡ್ಡವರ ತಲಿ ಮುಟ್ಟತಾರೇನೋ? ಅಲ್ಲಿ ಎಲ್ಲಾರಿಗಿಂತ ದೊಡ್ಡವರು ಯಾರದಾರ ನೋಡು. ತಂಪು ಕೊಡೋದು ಯಾರ ಕೈಯಾಗೈತಿ ನೋಡು. ಅವರಿಗೆ ಹಾರ ಹಾಕಿ, ಕೈಮುಗಿದು ಬೇಡ್ಕೋ!"

"ಈಗ ತಿಳೀತವ್ವಾ!"

ಬುಧವಾರ ಮಾರುದ್ದದ ಸೇವಂತಿಗೆ ಹಾರ ಹಿಡಿದು ಹೋದ. ಎಲ್ಲರಿಗಿಂತ ದೊಡ್ಡವರು ಯಾರು? ಮ್ಯಾನೇಜರು ಕುಳ್ಳು. ನವನೀತ ಬಡಕಲು. ಮೂಲೆಯಲ್ಲಿ ನಿಂತಿತ್ತು ನೋಡಿ, ಆಳೆತ್ತರದ ಬಿಳಿಯ ಎಸಿ ಯಂತ್ರ! ಮೈಯೆಲ್ಲ ಬೆಳ್ಳಗೆ, ಎದೆಯಲ್ಲಿ ನೀಲಿ ದೀಪ, ಬಾಯಿಂದ ಸುಯ್ ಅಂತ ತಂಪು. ಮಾತಿಲ್ಲ, ಕತೆಯಿಲ್ಲ, ಸಿಟ್ಟಿಲ್ಲ. ಬಂದವರಿಗೆಲ್ಲ ಒಂದೇ ಸಮ ಕೊಡುತ್ತಿದೆ! ಉರುಕುಂದಿಯ ಕಣ್ಣು ತುಂಬಿ ಬಂತು. ಹಾರ ಹಾಕಿದ. ಉದ್ದಕ್ಕೆ ಅಡ್ಡಬಿದ್ದ.

"ತಂದೇ! ಶುಕ್ರವಾರದೊಳಗ ನಮ್ಮ ಕಾರಿಗಿ ಬಾರಪ್ಪಾ! ನಮ್ಮವ್ವ ಎರಡು ದಿನದಿಂದ ಉಂಡಿಲ್ಲ!"

ಆಗಷ್ಟೇ ಒಳಗೆ ಬಂದ ಗಿರಾಕಿಯೊಬ್ಬರು, ಇಲ್ಲಿ ಹೀಗೇ ಪದ್ಧತಿ ಇರಬೇಕು ಅಂತ ತಾವೂ ಚಪ್ಪಲಿ ಕಳಚಿ ಕೈಮುಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಮ್ಯಾನೇಜರು ಬಂದು ಹಾರ ಕಿತ್ತು ಉರುಕುಂದಿಯ ಕೈಗಿಟ್ಟು ಹೊರಗೆ ಕಳಿಸಿದರು. ಅಂದೂ ಕಾರು ತೊಳೆದೇ ಕೊಟ್ಟರು.

ಹಂಪಮ್ಮ ಈ ಸಲ ಬೈಯಲೂ ಇಲ್ಲ. ಕಟ್ಟೆಯ ಮೇಲೆ ಕುಸಿದು ಕೂತಳು. ಉರುಕುಂದಿಗೆ ಬೈಗುಳ ರೂಢಿ, ಅವ್ವ ಸುಮ್ಮನಿರುವುದು ರೂಢಿಯಿಲ್ಲ. ಅವನಿಗೆ ಹೆದರಿಕೆಯಾಯಿತು.

"ಹೇಳವ್ವಾ, ಏನ್ ಮಾಡ್ಲಿ?"

"ಟೈ ಕಟ್ಟಿದವರನ್ನ ಬಿಡೋ ತಮ್ಮಾ. ಕೈಗೆ ಮಸಿ ಹತ್ತಿದವ ಯಾರರ ಅದಾನೇನು ಹುಡುಕು. ಅವನ ಕೈ ಹಿಡಕೊಂಡು ಕೇಳು. ಕೆಲಸ ಆಗೋತನ ಬಿಡಬ್ಯಾಡ."

"ಈಗ ತಿಳೀತವ್ವಾ!"

ಗುರುವಾರ ಶೋರೂಮಿನ ಹಿಂದಿನ ತಗಡಿನ ಶೆಡ್ಡಿಗೆ ಹೋದ. ಅಲ್ಲಿ ತಂಪೂ ಇಲ್ಲ, ತಾನಾಗಿ ಸರಿಯುವ ಬಾಗಿಲೂ ಇಲ್ಲ. ಖಾಜಾಸಾಬ ಎಂಬ ಅರವತ್ತರ ಮೇಸ್ತ್ರಿ ಒಂದು ಕಾರಿನಡಿಯಿಂದ ಹೊರಬರುತ್ತಿದ್ದ. ಎರಡೂ ಕೈಗೆ ಮಸಿ. ಉರುಕುಂದಿ ಎಡಗೈ ಹಿಡಿದ.

"ಕಾಕಾ, ನಮ್ಮ ಕಾರಿಗಿ ತಂಪು ಬರಂಗಿಲ್ಲ."

"ಅರೆ, ಮುಂದ ಶೋರೂಮಿನಾಗ ಹೇಳಪ್ಪಾ, ಚೀಟಿ ಬರಸ್ಕೊಂಡು ಬಾ. ಕೈ ಬಿಡು."

ಬಿಟ್ಟನೇ? ಖಾಜಾಸಾಬ ಚಹಾ ಕುಡಿದ, ಬಿಡಲಿಲ್ಲ. ನಳದ ಹತ್ತಿರ ಹೋದ, ಬಿಡಲಿಲ್ಲ.

"ನಾ ಊಟ ಮಾಡಬೇಕೋ ಮಾರಾಯಾ!"

"ಬಲಗೈ ಖಾಲಿ ಐತೆಲ್ಲ ಕಾಕಾ, ಉಣ್ರಿ."

ಮೂರು ಗಂಟೆಗೆ ಖಾಜಾಸಾಬ ಸೋತ. ಚೀಟಿಯಿಲ್ಲದೆಯೇ ಕಾರಿನ ಬಾಗಿಲು ತೆಗೆದು, ಒಂದೇ ಕೈಯಲ್ಲಿ ಎಡಬದಿಯ ಸೀಟಿನ ಮುಂದಿನ ಡಬ್ಬಿಯೊಳಗಿನ ಹಳೇ ಸರ್ವಿಸ್ ಚೀಟಿ ತೆಗೆದಿಟ್ಟು, ಡಬ್ಬಿ ಕಳಚಿ, ಅದರ ಹಿಂದಿನಿಂದ ಗಾಳಿ ಸೋಸುವ ಫಿಲ್ಟರು ಎಳೆದ. ಎಳೆದವನು ಹಾಗೇ ನಿಂತ.

ಮಲ್ಲಿಗೆ! ಮೂರು ವರ್ಷದ ಮಲ್ಲಿಗೆ ಎಸಳು, ಒಣಗಿ, ಒತ್ತಿ, ಹಾಸಿಗೆಯಾಗಿ ಕೂತಿತ್ತು. ಹಂಪಮ್ಮ ಕಟ್ಟಿದ ಹೂವಿನಿಂದ ಉದುರಿದ್ದನ್ನೆಲ್ಲ ಕಾರು ಒಳಗೆಳೆದುಕೊಂಡು ಉಸಿರು ಕಟ್ಟಿಸಿಕೊಂಡಿತ್ತು.

"ಮೂರು ಸರ್ವಿಸಿನ ಚೀಟಿಯಾಗೂ 'ನೋಡಿದೆ' ಅಂತ ಬರದಾರ. ಒಬ್ಬರೂ ನೋಡಿಲ್ಲೋ ಇದನ್ನ!"

ಖಾಜಾಸಾಬ ಫಿಲ್ಟರನ್ನು ಬಡಿದು, ಕೊಡವಿ, ಮತ್ತೆ ಕೂರಿಸಿ ಎಸಿ ಹಾಕಿದ. ಸುಯ್ ಅಂತ ಬಂತು ನೋಡಿ! ತಂಪು ಬಂತು, ತಂಪಿನ ಜೊತೆ ಮಲ್ಲಿಗೆಯ ವಾಸನೆಯೂ ಬಂತು.

"ಯಪ್ಪಾ ಯಪ್ಪಾ!" ಅಂದ ಉರುಕುಂದಿ.

"ಯಾ ಅಲ್ಲಾ!" ಅಂದ ಖಾಜಾಸಾಬ.

ಇಬ್ಬರೂ ಆ ಗಾಳಿಗೆ ಮುಖಕೊಟ್ಟು ಕೂತರು. ಕೆಲಸ ಆಗಿತ್ತು, ಆದರೂ ಕೈ ಬಿಡುವುದು ಇಬ್ಬರಿಗೂ ನೆನಪಾಗಲಿಲ್ಲ.

ಶುಕ್ರವಾರ ನಸುಕಿಗೇ ಹಂಪಮ್ಮ ಮಾನ್ವಿಯಲ್ಲಿ ಶಾಂಭವಿಯ ತಲೆಗೆ ಜಡೆ ಹೆಣೆದು ಮುಗಿಸಿದಳು. ಮುನ್ನೂರು ಮೊಗ್ಗು, ಒಂದಕ್ಕಿಂತ ಒಂದು ಬಿಗಿ. ಮದುವೆ ರಾಯಚೂರಿನ ಮೈದಾನದ ಪೆಂಡಾಲಿನಲ್ಲಿ. ಶಾಂಭವಿಯನ್ನು ಕಾರಿನಲ್ಲಿ ಕೂರಿಸಿ ಹಂಪಮ್ಮ ಮಗನ ಕಿವಿ ಹಿಡಿದಳು.

"ನಾ ಹೆಂಗಸರ ಕೂಡ ಟೆಂಪೋದಾಗ ಬರ್ತೀನಿ. ಜಡೆಗೆ ಹೊರಗಿನ ಗಾಳಿ ಸೋಕಬಾರದು. ಮಂಟಪದ ಮೆಟ್ಟಲ ಮುಟ್ಟೋತನ ಕಾರಿನ ಬಾಗ್ಲಾ ತೆಗಿಬ್ಯಾಡ! ತಿಳೀತಿಲ್ಲೋ?"

"ತಿಳೀತವ್ವಾ!"

ಪೆಂಡಾಲಿನ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವರು ಕಾರು ನಿಲ್ಲುತ್ತದೆ ಅಂದುಕೊಂಡರು. ನಿಲ್ಲಲಿಲ್ಲ. ಪೆಂಡಾಲಿನೊಳಗೇ ನುಗ್ಗಿತು! ವಾದ್ಯದವರು ಊದುವುದು ಬಿಟ್ಟು ಎದ್ದರು. ಮಾಸ್ತರು "ಹೋ ಹೋ" ಅನ್ನುತ್ತ ಹಿಂದೆ ಓಡಿದರು. ಕುರ್ಚಿಗಳ ನಡುವೆ ಹಾಸಿದ ಕೆಂಪು ಜಮಖಾನದ ಮೇಲೆ, ಒಂದು ಕುರ್ಚಿಗೂ ತಾಗದೆ, ಮೆಲ್ಲಗೆ, ದೇವರ ಪಲ್ಲಕ್ಕಿಯ ಹಾಗೆ ಹೋಗಿ ಕಾರು ಮಂಟಪದ ಮೆಟ್ಟಿಲಿಗೆ ಗೇಣು ದೂರದಲ್ಲಿ ನಿಂತಿತು. ಉರುಕುಂದಿ ಇಳಿದು ಬಂದು ಹಿಂದಿನ ಬಾಗಿಲು ತೆಗೆದ.

ಒಳಗಿನ ತಂಪು ಸುಯ್ ಅಂತ ಹೊರಬಂದು ಮುಂದಿನ ಸಾಲಿನವರ ಬೆವರಿದ ಮುಖಕ್ಕೆ ತಾಗಿತು. ಅದರ ಹಿಂದೆ ಮಲ್ಲಿಗೆ ವಾಸನೆ. ಅದರ ಹಿಂದೆ ಶಾಂಭವಿ. ಅವಳು ಮೆಟ್ಟಿಲು ಹತ್ತಿ ಬೆನ್ನು ತಿರುಗಿಸಿದಾಗ ಇಡೀ ಪೆಂಡಾಲು ನೋಡಿತು: ಮುನ್ನೂರು ಮೊಗ್ಗು, ಒಂದೂ ಅರಳಿಲ್ಲ, ಒಂದೂ ಕಂದಿಲ್ಲ!

"ಯಪ್ಪಾ ಯಪ್ಪಾ!" ಅಂದಿತು ಪೆಂಡಾಲು.

ಊಟಕ್ಕೆ ಬಂದಿದ್ದ ನವನೀತ ಪಕ್ಕದವನಿಗೆ, "ನಮ್ಮದೇ ಸರ್ವಿಸ್ ಸರ್" ಅಂದ.

ಟೆಂಪೋ ಇಳಿದು ಓಡೋಡಿ ಬಂದ ಹಂಪಮ್ಮ ಮಗನಿಗೆ ಹೊಡೆಯಲು ಕೈ ಎತ್ತಿದಳು. ಎತ್ತಿದವಳ ಕಣ್ಣಿಗೆ ಜಡೆ ಬಿತ್ತು. ಎತ್ತಿದ ಕೈ ಹಾಗೇ ಬಾಯಿಗೆ ಹೋಯಿತು, ಕಣ್ಣೀರು ದಳದಳ ಇಳಿಯಿತು. ಹಿಂದೆ ನಿಂತ ಹೆಂಗಸರು ಪಿಸುಗುಟ್ಟಿದರು: "ಹಂಪಮ್ಮನ ಕೈ ಅಂದ್ರ ಕೈ ನೋಡವಾ!"

"ಅವ್ವಾ, ಬೈ. ಮುಂದ ಏನ್ ಮಾಡ್ಲಿ ಹೇಳು."

"ಏನೂ ಮಾಡಬ್ಯಾಡ ನನ್ನಪ್ಪಾ. ಇನ್ನ ಏನೂ ಮಾಡಬ್ಯಾಡ."

"ಈಗ ತಿಳೀತವ್ವಾ!"

ಕಾರಿನ ಕೀಲಿ ಸೊಂಟಕ್ಕೆ ಸಿಕ್ಕಿಸಿ, ಕೈಕಟ್ಟಿ ಮಂಟಪದ ಮೆಟ್ಟಿಲ ಮೇಲೆ ಕೂತ. ಕಾರು ತೆಗಿ ಅಂದರು ಮಾಸ್ತರು. ಅಲುಗಲಿಲ್ಲ. ತೆಗಿಯಪ್ಪಾ ಅಂದರು ಬೀಗರು. ಅಲುಗಲಿಲ್ಲ. ಮುಹೂರ್ತ ಕಾಯುತ್ತದೆಯೇ? ಪುರೋಹಿತರು ಗಟ್ಟಿಮೇಳ ಅಂದೇಬಿಟ್ಟರು. ಅಕ್ಷತೆ ಅರ್ಧ ಗಂಡುಹೆಣ್ಣಿನ ಮೇಲೆ ಬಿತ್ತು, ಅರ್ಧ ಕಾರಿನ ಮೇಲೆ ಬಿತ್ತು.