ಒಳ್ಳೆಯ ಆಯಿಲ್ ಹಾಕಿಸಿದ ಜೀಪು

“ದಣಿವಾಯಿತು ಎಂದು ಬಾಯಿಬಿಟ್ಟು ಹೇಳದವನಿಗೂ ರಜೆ ಕೊಡಬೇಕೇ, ಬುದ್ಧಿ?”

ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ ಶಂಭುದೇವ ಗುರುಗಳನ್ನು ಹೀಗೆ ಕೇಳಿದ. ಮಧ್ಯಾಹ್ನದ ಕೊನೆಯ ಪಂಕ್ತಿ ಎದ್ದಿತ್ತು. ಎಲ್ಲರ ಊಟವೂ ಆಯಿತು ಎಂದು ಒಪ್ಪಿಸಿ ಅವನು ಕಂಬಕ್ಕೆ ಒರಗಿ ಕುಳಿತಿದ್ದ. ಅಡುಗೆಮನೆಯಲ್ಲಿ ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ನೆಂಟರ ಮದುವೆ, ಹೊಂದಿಸಿ ಹೊಂದಿಸಿ ಸಾಕಾಗಿದೆ ಎಂದು ದೂರಿದ. ಅಡುಗೆಯ ಈರಭದ್ರ ಮಾತ್ರ ಏನನ್ನೂ ಕೇಳುವವನಲ್ಲ. ಉಳಿದವರ ಕೆಲಸವನ್ನೂ ಅವನ ಮೇಲೆ ಹಾಕಿದರೆ ನಕ್ಕು ಮಾಡುತ್ತಾನೆ. ಆದ್ದರಿಂದ ಅವನ ರಜೆಯನ್ನು ಶ್ರಾವಣ ಕಳೆಯಲಿ ಎಂದು ಮುಂದೆ ಹಾಕಿದ್ದೇನೆ, ಅದರಲ್ಲಿ ತಪ್ಪೇನು ಎಂದ.

ಬೆಳಗಿನಿಂದ ಬಂದವರ ಕಷ್ಟ ಕೇಳಿ ಗುರುಗಳೂ ದಣಿದಿದ್ದರು. ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದರು.

ಒಬ್ಬ ಡ್ರೈವರ್ ಇದ್ದ. ಅವನದೊಂದು ಹಳೆಯ ಜೀಪು. ಅವನ ಊರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ಅವಳನ್ನು ಡಯಾಲಿಸಿಸ್‌ಗೆ ಪೇಟೆಯ ಆಸ್ಪತ್ರೆಗೆ ಕರೆದೊಯ್ಯುವುದು, ಮುಗಿಯುವ ತನಕ ಕಾಯುವುದು, ಮನೆಗೆ ತಂದು ಬಿಡುವುದು ಅವನ ಕೆಲಸ. ಒಂದು ಸರದಿ ತಪ್ಪಿದರೂ ಅವಳಿಗೆ ಉಸಿರಾಡುವುದೇ ಕಷ್ಟವಾಗುತ್ತಿತ್ತು. ಅವಳನ್ನು ಒಯ್ಯುವ ಬೇರೆ ಗಾಡಿ ಆ ಊರಿನಲ್ಲಿ ಇರಲಿಲ್ಲ.

ಡ್ರೈವರ್ ದಿನವೂ ಬೆಳಿಗ್ಗೆ ಜೀಪಿನ ಬಾನೆಟ್‌ಗೆ ಕುಂಕುಮ ಇಟ್ಟು ಊದುಬತ್ತಿ ಬೆಳಗುತ್ತಿದ್ದ. ಆಮೇಲೆ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದ. ಕಡಿಮೆ ಇದ್ದರೆ ಸುರಿಯುತ್ತಿದ್ದ. ಆಯಿಲ್ ಬೇಗ ಹಾಳಾಗುತ್ತಿತ್ತು, ಬದಲಿಸಲು ಗ್ಯಾರೇಜಿಗೆ ಹೋದರೆ ಅರ್ಧ ದಿನ ಅಲ್ಲೇ ಕಳೆಯುತ್ತಿತ್ತು. ಅವನಿಗೂ ಬೇಸರ ಬಂದಿತ್ತು. ಸೋಮಾರಿ ಎನ್ನಲಾರೆ. ಪಾಪ, ದಣಿದಿದ್ದ.

ಸಿಂಥೆಟಿಕ್ ಆಯಿಲ್ ಹಾಕಿಸು ಎಂದು ಮೆಕ್ಯಾನಿಕ್ ಹೇಳಿದ. ಅದು ಬಿಸಿಗೆ ಬೇಗ ಕೆಡುವುದಿಲ್ಲ, ಮೊದಲಿಗಿಂತ ಎರಡರಷ್ಟು ದೂರ ಓಡಿಸಿ ಬದಲಿಸಿದರೆ ಸಾಕು. ಆದರೆ ಇದು ಹಳೆಯ ಎಂಜಿನ್, ಆಯಿಲ್ ಕುಡಿಯುತ್ತದೆ, ನೋಡಿಕೊಳ್ಳುತ್ತಿರು ಎಂದೂ ಹೇಳಿದ. ಡ್ರೈವರ್ ಮೊದಲ ಮಾತನ್ನು ಮನೆಗೆ ತಂದ. ಎರಡನೆಯದು ಗ್ಯಾರೇಜಿನಲ್ಲೇ ಉಳಿಯಿತು.

ಮಾರನೆಯ ದಿನದಿಂದ ಅವನು ಕುಂಕುಮ ಇಟ್ಟ, ಊದುಬತ್ತಿ ಬೆಳಗಿದ, ಬಾನೆಟ್ ಎತ್ತಲಿಲ್ಲ. ಜೀಪು ಮೊದಲಿಗಿಂತ ಮೆತ್ತಗೆ ಓಡಿತು. ಸದ್ದಿಲ್ಲ, ತಕರಾರಿಲ್ಲ. ಇಷ್ಟು ಒಳ್ಳೆಯ ಆಯಿಲನ್ನು ಇನ್ನೂ ನೋಡುವುದೇನಿದೆ ಎಂದುಕೊಂಡ. ಎರಡರಷ್ಟು ದೂರ ಮುಗಿಯಿತು. ನಮ್ಮ ಜೀಪು ಇನ್ನೂ ಚೆನ್ನಾಗಿಯೇ ಇದೆಯಲ್ಲ ಎಂದು ಮೂರರಷ್ಟು ಓಡಿಸಿದ. ಒಳ್ಳೆಯದು ಸಿಕ್ಕಿತೆಂದರೆ ನಮ್ಮ ಆಸೆಯೂ ಹಾಗೆಯೇ ಉದ್ದವಾಗುತ್ತದೆ.

ಒಂದು ದಿನ ಆಸ್ಪತ್ರೆಯ ದಾರಿಯಲ್ಲಿ, ಏರಿನ ಮೇಲೆ, ಸ್ಟೀರಿಂಗ್ ಮುಂದೆ ಆಯಿಲ್‌ನ ಕೆಂಪು ದೀಪ ಹೊತ್ತಿಕೊಂಡಿತು. ಈ ಏರು ಹತ್ತಿಬಿಡೋಣ ಎಂದು ಅವನು ನಿಲ್ಲಿಸಲಿಲ್ಲ. ಒಳಗೆ ಏನೋ ಕಡಿದ ಹಾಗೆ ಸದ್ದಾಗಿ ಎಂಜಿನ್ ಹಿಡಿದುಕೊಂಡಿತು. ಜೀಪು ಮತ್ತೆ ಅಲುಗಲಿಲ್ಲ. ಆ ಹೆಂಗಸು ಬಿಸಿಲಿನಲ್ಲಿ ಮೈಲಿಗಲ್ಲಿನ ಮೇಲೆ ಕುಳಿತಳು. ಅವಳ ಕಾಲು ಆಗಲೇ ಊದಿತ್ತು. ಬೈಯಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಹಾಲಿನ ವ್ಯಾನು ಅವಳನ್ನು ಹತ್ತಿಸಿಕೊಂಡಿತು. ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸರದಿ ದಾಟಿತ್ತು. ಮರುದಿನ ಮೆಷಿನ್ ಖಾಲಿಯಾಗುವ ತನಕ ಅವಳು ಮಲಗಲಾರದೆ, ಗೋಡೆ ಹಿಡಿದು ಕುಳಿತೇ ಉಸಿರೆಳೆದಳು. ಹೇಗೋ ಜೀವ ಉಳಿಯಿತು. ಡ್ರೈವರ್‌ನ ಜೀಪು ಉಳಿಯಲಿಲ್ಲ.

ಎಳೆಸಿಕೊಂಡು ತಂದ ಜೀಪಿನ ಮುಂದೆ ಅವನು ಮೆಕ್ಯಾನಿಕ್‌ನನ್ನು ಕೇಳಿದ, “ಒಳ್ಳೆ ಆಯಿಲ್ ಅಂದಿದ್ದೆಯಲ್ಲಣ್ಣ?”

ಮೆಕ್ಯಾನಿಕ್ ಕುಂಕುಮ ಮೆತ್ತಿದ ಬಾನೆಟ್ ಎತ್ತಿದ. ಕಡ್ಡಿ ಎಳೆದ. ತುದಿಯಲ್ಲಿ ಒಂದು ಹನಿಯಷ್ಟೇ ಇತ್ತು. ಅದನ್ನು ಬೆರಳಲ್ಲಿ ಉಜ್ಜಿ ನೋಡಿದ.

“ಈಗಲೂ ಒಳ್ಳೇದೇ ಕಣಪ್ಪ. ಆದ್ರೆ ಇರೋದೇ ಇಷ್ಟು.”

ಕತೆ ಮುಗಿಯಿತು. ಶಂಭುದೇವ ನೆಟ್ಟಗೆ ಕುಳಿತ. ಅರ್ಥವಾಯಿತು ಬುದ್ಧಿ, ಶ್ರಾವಣ ಮುಗಿದ ಕೂಡಲೇ ಈರಭದ್ರನನ್ನು ಊರಿಗೆ ಕಳಿಸುತ್ತೇನೆ ಎಂದ. ಒಳಗಿನಿಂದ ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು. ಗುರುಗಳು ಕಣ್ಣು ತೆರೆದು ಅತ್ತ ನೋಡಿದರು.

“ಎಲ್ಲರ ಊಟವೂ ಆಯಿತು ಎಂದೆಯಲ್ಲ, ಈರಭದ್ರ ಉಂಡದ್ದನ್ನು ನೀನು ಕೊನೆಯ ಸಲ ನೋಡಿದ್ದು ಯಾವಾಗ?”