ಬೀಸಣಿಗೆ ಮಡಚಿದ ಸಣ್ಣಿ

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಬೆಟ್ಟಗಳ ಮೈ ಹಸಿಹಸಿ. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಕಡಲು ಬಿಟ್ಟು ಆಚೆ ಬಂದೇ ಇರಲಿಲ್ಲ. ಕಾಡಿನಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಧಗೆಯೋ ಧಗೆ.

ಎಲ್ಲಕ್ಕಿಂತ ಎತ್ತರದ ಮರದ ತುದಿಯಲ್ಲಿ ಮಂಗಟ್ಟೆ ಕೂತಿದ್ದ. ದೊಡ್ಡ ಹಕ್ಕಿ, ದೊಡ್ಡ ಕೊಕ್ಕು, ಕೊಕ್ಕಿನ ಮೇಲೆ ಕಿರೀಟದಂಥ ಹಳದಿ ಕೊಂಬು.

"ಆಕಾಶ ನಿಂತಿರೋದೇ ಈ ಕೊಂಬಿನ ಮೇಲೆ" ಅನ್ನುತ್ತಿದ್ದ ಅವನು. "ಸೆಕೆಗೆ ನನಗೆ ತಲೆ ತಿರುಗಿತೋ, ಆಕಾಶ ನಿಮ್ಮ ನೆತ್ತಿ ಮೇಲೆ! ಬೀಸ್ರೇ!"

ಎಲ್ಲರೂ ನಂಬಿದರು. ಮೇಲೆ ಕೂತವನು ಹೇಳಿದ್ದನ್ನು ಕೆಳಗಿದ್ದವರು ಕತ್ತೆತ್ತಿ ಪರೀಕ್ಷೆ ಮಾಡಿರಲಿಲ್ಲ.

ಬೀಸುವವರು ಯಾರು? ಕಾಡಿನ ಬುಡದ ಪೊದೆಗಳಲ್ಲಿ ನೊಣ, ಸೊಳ್ಳೆ, ಪತಂಗ ಹಿಡಿದು ಬದುಕುವ ಪುಟ್ಟ ಹಕ್ಕಿಗಳು. ಅವುಗಳ ಬಾಲ ಅಗಲ. ಬಿಚ್ಚಿದರೆ ಬೀಸಣಿಗೆ. ಅವು ಮಾಡಿದ ತಪ್ಪು ಅಷ್ಟೇ. ಬೆಳಗಿನಿಂದ ಬೈಗಿನವರೆಗೆ ಮೇಲೆ ಹೋಗಿ ಬೀಸಬೇಕು.

ಇದು ಬಿಟ್ಟಿ ಚಾಕರಿ ಅಂತ ಯಾರಾದರೂ ಅಂದರೆ ಮಂಗಟ್ಟೆಗೆ ಸಿಟ್ಟು ಬರುತ್ತಿತ್ತು. "ಕೂಲಿ ಕೊಡ್ತಿಲ್ವಾ ನಾನು?" ಅನ್ನುತ್ತಿದ್ದ. ಕೊಡುತ್ತಿದ್ದ, ನಿಜ. ರಾಮಪತ್ರೆ ಕಾಯಿ ನುಂಗಿ, ರುಚಿಯಾದದ್ದನ್ನು ಹೊಟ್ಟೆಗಿಳಿಸಿಕೊಂಡು, ಉಳಿದ ಬೀಜವನ್ನು ಕಕ್ಕಿ ಕೊಡುತ್ತಿದ್ದ. ಆ ಬೀಜ ಪುಟ್ಟ ಹಕ್ಕಿಯ ತಲೆಗಿಂತ ದೊಡ್ಡದು.

ಬೀಸುವವರಲ್ಲಿ ಸಣ್ಣಿ ಅಂತ ಒಬ್ಬಳಿದ್ದಳು. ಬಿಳಿ ಹುಬ್ಬಿನವಳು. ಅವಳ ಗೂಡಿನಲ್ಲಿ ಮೂರು ಮರಿ. ಬೈಗಿಗೆ ಇಳಿದು ಬರುವಷ್ಟರಲ್ಲಿ ಪೊದೆಯೊಳಗೆ ಕತ್ತಲೆ, ಒಂದು ಹುಳವೂ ಕಾಣುತ್ತಿರಲಿಲ್ಲ.

"ಅವ್ವಾ, ಈ ಬೀಜ ಬಾಯಿಗೆ ಹಿಡಿಯಲ್ಲ" ಅಂತ ಮರಿಗಳು ಅಳುತ್ತಿದ್ದವು.

ಒಂದು ಬೆಳಿಗ್ಗೆ ಎರಡೇ ಮರಿ ಅತ್ತವು. ಮೂರನೆಯದು ಬಾಯಿ ತೆರೆಯಲಿಲ್ಲ. ಅಷ್ಟರಲ್ಲಿ ಮಂಗಟ್ಟೆಯ ಮೇಸ್ತ್ರಿ ಕುಟ್ರುಹಕ್ಕಿ ಕೂಗಿತು: "ಬಂದ್ರಾ? ಬಂದ್ರಾ? ಬಂದ್ರಾ?"

ಸಣ್ಣಿ ಹೋದಳು. ಹೋಗದಿದ್ದರೆ ಆಕಾಶ ಬೀಳುತ್ತದಲ್ಲ! ಬಿದ್ದರೆ ಮರಿಗಳ ಮೇಲೂ ಬೀಳುತ್ತದಲ್ಲ!

ನಡು ಮಧ್ಯಾಹ್ನ. ಬೀಸಿ ಬೀಸಿ ಅವಳ ಬಾಲ ಮರಗಟ್ಟಿತ್ತು. ತಂಪಿಗೆ ಮಂಗಟ್ಟೆಗೆ ಜೊಂಪು ಹತ್ತಿತು. ತಲೆ ತೂಗಿತು, ವಾಲಿತು, ಕೊನೆಗೆ ಕೊಕ್ಕು ಎದೆಯ ಮೇಲೆ ಬಿತ್ತು. ಕೊಂಬು ಈಗ ಆಕಾಶದ ಕಡೆಗಿರಲಿಲ್ಲ, ನೆಲದ ಕಡೆಗಿತ್ತು.

ಸಣ್ಣಿ ಉಸಿರು ಬಿಗಿ ಹಿಡಿದು ಕಣ್ಣು ಮುಚ್ಚಿದಳು. ಏನೂ ಬೀಳಲಿಲ್ಲ. ಒಂದು ಕಣ್ಣು ತೆರೆದಳು. ಆಕಾಶ ಕೂದಲೆಳೆಯಷ್ಟೂ ಕೆಳಗಿಳಿದಿರಲಿಲ್ಲ.

ಅವಳು ಬಾಲ ಮಡಚಿದಳು.

"ಬೀಸೇ, ಹುಚ್ಚಿ!" ಪಕ್ಕದಲ್ಲಿದ್ದ ಮುದುಕಿ ಬೋರಕ್ಕ ಚೀರಿದಳು. "ಎಲ್ಲರನ್ನೂ ಸಾಯಿಸ್ತೀಯಾ?"

"ಬೋರಕ್ಕ, ಒಂದೇ ಒಂದು ಸಲ ಮೇಲೆ ನೋಡು."

ಬೋರಕ್ಕ ನೋಡಿದಳು. ಮಂಗಟ್ಟೆಯನ್ನು ನೋಡಿದಳು. ಮತ್ತೆ ಮೇಲೆ ನೋಡಿದಳು. "ಅಯ್ಯೋ ನಿನ್ನ!" ಅಂದು ತನ್ನ ಬಾಲವನ್ನೂ ಮಡಚಿದಳು.

ಒಂದೊಂದೇ ಬಾಲ ಮಡಚಿಕೊಂಡಿತು. ಸೆಕೆಗೆ ಮಂಗಟ್ಟೆ ದಡಬಡಿಸಿ ಎದ್ದ.

"ಯಾವಳೇ ಅದು ನಿಲ್ಲಿಸಿದ್ದು?"

"ನಾನು, ಸಣ್ಣಿ."

"ಆಕಾಶ ಬೀಳುತ್ತೆ!"

"ಬೀಳಲಿ ದೊರೆ. ತುದೀಲಿ ಕೂತಿರೋರು ನೀವು. ಬಿದ್ದರೆ ಮೊದಲು ನಿಮ್ಮ ಮೇಲೇ. ಈಗ ತಾನೇ ಗೊರಕೆ ಹೊಡೆದ್ರಲ್ಲ, ಆಗ ಯಾರು ಹಿಡ್ಕೊಂಡಿದ್ರು ಅದನ್ನ?"

ಮೇಸ್ತ್ರಿ ಕುಟ್ರುವಿಗೇ ನಗು ತಡೆಯಲಿಲ್ಲ.

ಮಂಗಟ್ಟೆ ಕೂಗಾಡಿದ, ಕೊಂಬು ಕುಟ್ಟಿದ. ಯಾರೂ ಅಲ್ಲಾಡಲಿಲ್ಲ. ಧಗೆ ಏರಿತು. ಕೊನೆಗೆ ತಡೆಯಲಾರದೆ ತನ್ನ ದೊಡ್ಡ ರೆಕ್ಕೆ ಬಿಚ್ಚಿ ತಾನೇ ಬೀಸಿಕೊಂಡ. ಭುಸ್! ಭುಸ್! ಭುಸ್! ಅಭ್ಯಾಸವಿಲ್ಲದ ಕೆಲಸ, ಏದುಸಿರು.

"ನೋಡ್ರೇ, ದೊರೆಗೂ ಬೀಸೋಕೆ ಬರುತ್ತೆ!" ಅಂದಳು ಬೋರಕ್ಕ. ಕಾಡಿಗೆ ಕಾಡೇ ನಕ್ಕಿತು.

ಸಣ್ಣಿ ನಗುವುದಕ್ಕೆ ನಿಲ್ಲಲಿಲ್ಲ. ಕಲ್ಲು ಬಿದ್ದ ಹಾಗೆ ಕೆಳಗಿಳಿದಳು. ಮೂರನೆಯ ಮರಿಯ ಕತ್ತು ಜೋತುಬಿದ್ದಿತ್ತು. ಗಾಬರಿಗೆ ಅವಳ ಬಾಲ ತಾನಾಗಿ ಬಿಚ್ಚಿಕೊಂಡಿತು. ಅತ್ತ ಹಾರಿದಳು, ಇತ್ತ ಕುಪ್ಪಳಿಸಿದಳು. ಬಾಲದ ಗಾಳಿಗೆ ಎಲೆಗಳು ಅದುರಿದವು. ಎಲೆಯಡಿ ಅಡಗಿದ್ದ ಸೊಳ್ಳೆ, ನೊಣ, ಪತಂಗ ಎಲ್ಲ ಬೆದರಿ ಬುರ್ರನೆ ಎದ್ದವು!

ಇಷ್ಟು ದಿನ ಆ ಬಾಲ ಒಮ್ಮೆಯೂ ತನ್ನ ಮನೆಗಾಗಿ ಬಿಚ್ಚಿಕೊಂಡಿರಲಿಲ್ಲ.

ಸಣ್ಣಿ ಒಂದು ನೊಣ ಹಿಡಿದು ಮೂರನೆಯ ಮರಿಯ ಕೊಕ್ಕಿಗೆ ಒತ್ತಿದಳು. ಬಾಯಿ ಸ್ವಲ್ಪವೇ ತೆರೆಯಿತು. ಇನ್ನೊಂದು ಕೊಟ್ಟಳು. ಮತ್ತೊಂದು ಕೊಟ್ಟಳು.

"ಅವ್ವಾ," ಅಂದಿತು ಮರಿ, "ಇನ್ನೂ ಬೇಕು."

ಅವತ್ತು ಪೊದೆಯಿಂದ ಪೊದೆಗೆ ಬಾಲಗಳು ಬಿಚ್ಚಿಕೊಂಡವು. ಎಲ್ಲರ ಮರಿಗಳೂ ಹೊಟ್ಟೆ ತುಂಬ ಉಂಡವು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಅದಕ್ಕೇ ಮಗಾ, ಕಾಡಿನ ಪೊದೆಯೊಳಗೆ ಬೀಸಣಿಗೆ ಬಾಲದ ಪುಟ್ಟ ಹಕ್ಕಿ ಇವತ್ತಿಗೂ ಬಾಲ ಬಿಚ್ಚಿ ಕುಣಿಯುತ್ತದೆ, ತನ್ನ ಅನ್ನಕ್ಕೆ ತಾನೇ ಬೀಸಿಕೊಳ್ಳುತ್ತದೆ. ಮೇಲೆ ಮಂಗಟ್ಟೆ ಹಾರಿದಾಗ ಭುಸ್ ಭುಸ್ ಎಂದು ಅರ್ಧ ಕಾಡಿಗೆ ಕೇಳುತ್ತದೆ. ಆಕಾಶ ಮಾತ್ರ, ಕತ್ತೆತ್ತಿ ನೀನೇ ನೋಡು, ಯಾರ ಕೊಂಬಿನ ಹಂಗೂ ಇಲ್ಲದೆ ಇದ್ದಲ್ಲೇ ಇದೆ.